ಕಾರಿನ ಹೊರಗೆ ನಿಂತವರು



ತಿಂಗಳಿಗೊಮ್ಮೆಯಾದರೂ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ದೇವಾಲಯದ ಅಂಗಳದಲ್ಲಿ ಒಂದು ಹೊಸ ಗಾಡಿ ನಿಂತಿರುತ್ತದೆ. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಒಳಗಿನ ಕನ್ನಡಿಗೆ ಜಪಸರ, ಸೀಟಿನ ಮೇಲೆ ಇನ್ನೂ ಕೀಳದ ಪ್ಲಾಸ್ಟಿಕ್ಕು. ಫಾದರ್ ತಮಿಳಿನಲ್ಲಿ ಪ್ರಾರ್ಥನೆ ಹೇಳುತ್ತಾರೆ, ಮನೆಯವರು ನಮ್ಮ ಕನ್ನಡದವರಾದರೆ ಕೊನೆಗೆ ಒಂದು ನಮೋ ಮರಿಯಾ ಕನ್ನಡದಲ್ಲಿ ಆಗುತ್ತದೆ, ಆಮೇಲೆ ತೀರ್ಥ ಚಿಮುಕಿಸಿ ಎಲ್ಲರಿಗೂ ಲಡ್ಡು. ಈ ಗಾಡಿಯಲ್ಲಿ ಹೋಗುವವರು ಕ್ಷೇಮವಾಗಿ ಮನೆ ಸೇರಲಿ ಎಂದು ನಾವೆಲ್ಲ ಬೇಡಿಕೊಳ್ಳುತ್ತೇವೆ. ಬೇಡಬೇಕಾದದ್ದೇ. ಆದರೆ ಕಳೆದ ತಪಸ್ಸುಕಾಲದಲ್ಲಿ ನಡೆದ ಒಂದು ಘಟನೆಯ ನಂತರ, ಆ ಪ್ರಾರ್ಥನೆಯಲ್ಲಿ ಯಾರೋ ಒಬ್ಬರು ಬಿಟ್ಟುಹೋಗಿದ್ದಾರೆ ಎಂದು ನಮ್ಮ ಯುವಜನ ಸಂಘದವರಿಗೆ ಅನ್ನಿಸತೊಡಗಿದೆ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಮೂರು ಸಭೆಗಳಲ್ಲಿ ಜಗಳವಾಡಿದ್ದೇವೆ. ಬರೆಯೋಣ ಎಂದವರು ಗೆದ್ದರು.

ನಮ್ಮ ಸಂಘದ ಒಬ್ಬ ತಮ್ಮ ಏಳು ವರ್ಷದ ಸಾಲದ ಮೇಲೆ ಒಂದು ಎಲೆಕ್ಟ್ರಿಕ್ ಎಸ್‌ಯುವಿ ತಂದ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಅಕ್ಕನ ಇಬ್ಬರು ಮಕ್ಕಳು. ಎಲ್ಲರೂ ಹಿಡಿಸಬೇಕು, ಗಟ್ಟಿಯಾಗಿರಬೇಕು ಎಂದು ನೋಡಿ ನೋಡಿ ಆರಿಸಿದ ಗಾಡಿ. ಆಶೀರ್ವಾದ ಮುಗಿದು ಮನೆಯವರನ್ನು ಇಳಿಸಿ ಬಂದ ಮೇಲೆ ನಾವು ಐದು ಜನ ಹತ್ತಿ ಕೃಷ್ಣಗಿರಿ ರಸ್ತೆಯಲ್ಲಿ ಶೂಳಗಿರಿಯ ಕಡೆಗೆ ಹೊರಟೆವು. "ಒಂದ್ಸಲ ಒತ್ತಿ ನೋಡೋ" ಎಂದದ್ದು ಯಾರು ಎಂಬುದು ಈಗ ಯಾರಿಗೂ ನೆನಪಿಲ್ಲ. ಐವರೂ ಅಂದಿರಬಹುದು. ಒತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು, ಎಲ್ಲರೂ ಕೂಗಿದೆವು. ಪರದೆಯಲ್ಲಿ 120 ಕಾಣಿಸಿತು.

ಡಿವೈಡರಿನ ಸಂದಿನಿಂದ ಒಬ್ಬ ವಯಸ್ಸಾದ ತಾತ ಸೈಕಲ್ ತಳ್ಳಿಕೊಂಡು ರಸ್ತೆಗಿಳಿದರು. ಹಿಂದೆ ಎರಡು ಹಾಲಿನ ಕ್ಯಾನು. ಬ್ರೇಕ್ ಬಿತ್ತು. ಗಾಡಿ ಅಲ್ಲಾಡದೆ, ಜಾರದೆ, ನೇರವಾಗಿ ನಿಂತಿತು. ಬಂಪರಿಗೂ ಸೈಕಲ್ಲಿಗೂ ನಡುವೆ ಹೆಚ್ಚೆಂದರೆ ಎರಡು ಮೀಟರು. ತಾತ ಗಾಬರಿಯಲ್ಲಿ ಸೈಕಲ್ ಬಿಟ್ಟರು, ಹಾಲು ಟಾರಿನ ಮೇಲೆ ಹರಿಯಿತು. ನಾವು ಇಳಿದು ಸೈಕಲ್ ಎತ್ತಿಕೊಟ್ಟೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು, "ಬೆಂಗ್ಳೂರಾ ಸಾಮಿ ನೀವು?" ಎಂದು ನಮ್ಮ ಭಾಷೆಯಲ್ಲೇ ಕೇಳಿದರು. ನಮ್ಮಲ್ಲೊಬ್ಬರು "ಹೌದು ತಾತ" ಅಂದರು. ಉಳಿದ ನಾಲ್ವರು ಸುಮ್ಮನಿದ್ದೆವು. "ನಿದಾನವಾಗಿ ಓಗಿ ಸಾಮಿ" ಎಂದರು. ಹಾಲಿನ ಬಾಬ್ತು ಐನೂರು ರೂಪಾಯಿ ಅವರ ಕೈಗಿಟ್ಟು ಹೊರಟುಬಂದೆವು. ಪೇತ್ರನ ನೆನಪು ಆಮೇಲೆ ಬಂತು.

ಮುಂದಿನ ಸಭೆಯಲ್ಲಿ ಗಾಡಿಯ ಯಜಮಾನ ಹೇಳಿದ ಮಾತು ಸರಳವಾಗಿತ್ತು: ಏನೂ ಆಗಲಿಲ್ಲವಲ್ಲ. ಯಾರಿಗೂ ಗಾಯವಿಲ್ಲ, ಹಾಲಿನ ದುಡ್ಡು ಕೊಟ್ಟಾಯಿತು, ಇನ್ನೇನು ಪಾಪ? ಇದಕ್ಕೆ ಉತ್ತರ ಕೊಟ್ಟವರು ಸಿಪ್ಕಾಟಿನ ಒಂದು ಕಾರ್ಖಾನೆಯಲ್ಲಿ ಬ್ರೇಕಿನ ಬಿಡಿಭಾಗಗಳನ್ನು ತಪಾಸಣೆ ಮಾಡುವ ನಮ್ಮ ಸಂಘದ ಅಕ್ಕ. ಅವರ ಕೈಯಲ್ಲಿ ದಿನವಿಡೀ ಒಂದು ಗೇಜ್ ಇರುತ್ತದೆ. ಭಾಗ ಅಳತೆಯೊಳಗಿದ್ದರೆ ಒಂದು ಡಬ್ಬಿಗೆ, ಕೂದಲೆಳೆಯಷ್ಟು ಮೀರಿದ್ದರೂ ಕೆಂಪು ಡಬ್ಬಿಗೆ. "ಕೆಂಪು ಡಬ್ಬಿಗೆ ಹಾಕಿದ ಪೀಸನ್ನ ಗಾಡಿಗೆ ಹಾಕಿದ್ರೂ ಬಹುಶಃ ಏನೂ ಆಗಲ್ಲ" ಎಂದರು ಅಕ್ಕ. "ಹತ್ತರಲ್ಲಿ ಒಂಬತ್ತು ಚೆನ್ನಾಗೇ ಓಡ್ತವೆ. ಆದ್ರೂ ನಾವು ಆಕ್ಸಿಡೆಂಟ್ ಆಗ್ಲಿ ಅಂತ ಕಾಯಲ್ಲ. ಅಳತೆ ಮೀರಿದೆ, ಅಷ್ಟೇ, ರಿಜೆಕ್ಟು. ನೀವು ಅವತ್ತು ಅಳತೆ ಮೀರಿದ್ರಿ."

ಪರಿಣಾಮ ಒಳ್ಳೆಯದಾದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುತ್ತದೆಯೇ ಎಂಬುದು ತತ್ವಶಾಸ್ತ್ರದಲ್ಲಿ ಹೆಸರುವಾಸಿಯಾದ ಪ್ರಶ್ನೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ಇದನ್ನು 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚಿಸಿದರು. ಇಬ್ಬರೂ ಕೊಟ್ಟ ಉದಾಹರಣೆಗಳಲ್ಲಿ ಒಬ್ಬ ಲಾರಿ ಚಾಲಕನಿದ್ದಾನೆ. ಬ್ರೇಕ್ ಪರೀಕ್ಷಿಸದೆ ಹೊರಟ ಇಬ್ಬರು ಚಾಲಕರು ಎಂದುಕೊಳ್ಳಿ. ಒಬ್ಬನ ದಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನ ದಾರಿಗೆ ಬರಲಿಲ್ಲ. ಮೊದಲನೆಯವನನ್ನು ಲೋಕ ಕೊಲೆಗಾರನಂತೆ ನೋಡುತ್ತದೆ, ಎರಡನೆಯವನು ಮನೆಗೆ ಹೋಗಿ ಊಟ ಮಾಡುತ್ತಾನೆ. ಇಬ್ಬರೂ ಮಾಡಿದ್ದು ಒಂದೇ. ನಾವು ಆ ದಿನ ಊಟ ಮಾಡಿದ ಚಾಲಕರು. ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ತತ್ವಜ್ಞಾನಿಗಳಷ್ಟು ಅನುಮಾನಿಸುವುದಿಲ್ಲ. ಕುಡಿತದಿಂದಲೋ ವೇಗದ ಮೋಹದಿಂದಲೋ ತನ್ನ ಮತ್ತು ಪರರ ಸುರಕ್ಷತೆಯನ್ನು ಅಪಾಯಕ್ಕೆ ಒಡ್ಡುವವರದು ಗಂಭೀರ ಅಪರಾಧ ಎಂದು ಅದರ 2290ನೇ ಪರಿಚ್ಛೇದ ಹೇಳುತ್ತದೆ. ಅಪಾಯಕ್ಕೆ ಒಡ್ಡುವುದೇ ಅಲ್ಲಿ ಅಪರಾಧ. ಗಾಯವಾಗಬೇಕೆಂಬ ಷರತ್ತಿಲ್ಲ.

ನಾವು ಬಿ.ಎಸ್‌ಸಿ. ಓದಿದವರು, ಲೆಕ್ಕ ಹಾಕದೆ ಇರಲಾಗಲಿಲ್ಲ. ಗಂಟೆಗೆ 120 ಕಿಲೋಮೀಟರ್ ಎಂದರೆ ಸೆಕೆಂಡಿಗೆ 33 ಮೀಟರಿಗಿಂತ ಸ್ವಲ್ಪ ಹೆಚ್ಚು. ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯೋಣ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರಿನಷ್ಟು ವೇಗ ಇಳಿಸುತ್ತವೆ ಎಂದುಕೊಂಡರೆ ನಿಲ್ಲಲು ಒಟ್ಟು ಸುಮಾರು 103 ಮೀಟರು ಬೇಕು. ನಾವು ತಾತನಿಂದ ಎರಡು ಮೀಟರ್ ದೂರದಲ್ಲಿ ನಿಂತೆವು. ಹಾಗಾದರೆ ನಮಗೆ ಸಿಕ್ಕಿದ್ದು 105 ಮೀಟರು. ಅದೇ 105 ಮೀಟರಿನಲ್ಲಿ, ನಮ್ಮ ವೇಗ 120ರ ಬದಲು 125 ಇದ್ದಿದ್ದರೆ? ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಅವರಿಗೆ ಬಡಿಯುತ್ತಿದ್ದೆವು. ಐದೇ ಕಿಲೋಮೀಟರಿನ ವ್ಯತ್ಯಾಸ, ಪರದೆಯಲ್ಲಿ ಒಂದು ಅಂಕಿ ಬದಲಾಗುವಷ್ಟು. ಇನ್ನೊಂದು ಲೆಕ್ಕ ನಮ್ಮನ್ನು ಹೆಚ್ಚು ಬೆಚ್ಚಿಸಿತು. 100ರಲ್ಲಿ ಬರುವ ಕಾರು ಪೂರ್ತಿಯಾಗಿ ನಿಲ್ಲುವ ಜಾಗದಲ್ಲಿ, 120ರಲ್ಲಿ ಬಂದ ಅದೇ ಕಾರು ಇನ್ನೂ 74 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಐದು ಅಂಕ ತೆಗೆದುಕೊಂಡಿದ್ದೆವು. ಅದರ ಅರ್ಥ ಗೊತ್ತಾದದ್ದು ಈಗ.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಆ ದಿನ 120 ಎಂಬುದು ನಮಗೆ 120 ಅನ್ನಿಸಲೇ ಇಲ್ಲ. ನಮ್ಮ ತಂದೆಯವರ ಕಾಲದ ಮಾರುತಿ 800 ನೆನಪಿಸಿಕೊಳ್ಳಿ. 1983ರಲ್ಲಿ ಬಂದ ಗಾಡಿ, 796 ಸಿಸಿ ಎಂಜಿನ್, ನಲವತ್ತು ಅಶ್ವಶಕ್ತಿಗೂ ಕಡಿಮೆ, ಸುಮಾರು 650 ಕಿಲೋ ತೂಕ. ಅದು ಎಂಬತ್ತು ದಾಟಿದರೆ ಬಾಗಿಲು ನಡುಗಿ, ಗಾಳಿ ಕೂಗಿ, ಅಮ್ಮ ಹಿಂದಿನಿಂದ "ಮೆಲ್ಲಗೆ" ಎನ್ನುತ್ತಿದ್ದರು. ಗಾಡಿಯೇ ಎಚ್ಚರಿಕೆ ಕೊಡುತ್ತಿತ್ತು. ಈಗಿನ ಗಾಡಿಗಳ ವಿನ್ಯಾಸಕಾರರು ಆ ಸದ್ದು, ಆ ನಡುಕವನ್ನು ಇಲ್ಲವಾಗಿಸಲು ವರ್ಷಗಟ್ಟಲೆ ದುಡಿಯುತ್ತಾರೆ, ಮತ್ತು ಅದರಲ್ಲಿ ಗೆದ್ದಿದ್ದಾರೆ. ಕಾರಿನೊಳಗೆ ಅಜ್ಜಿ ನಿದ್ದೆ ಮಾಡಬಹುದು. ಹೊರಗಿನವರಿಗೆ ಮಾತ್ರ ಆ ವೇಗ ಮೊದಲಿನಷ್ಟೇ ಇದೆ.

ಹಾಗೆಯೇ, ಸ್ಪೋರ್ಟ್ಸ್ ಕಾರು ಬೇರೆ, ಮನೆಮಂದಿಯ ಕಾರು ಬೇರೆ ಎಂದು ನಾವು ಅಂದುಕೊಂಡಿದ್ದೂ ಹಳೆಯದಾಯಿತು. 1964ರಲ್ಲಿ ಪೋರ್ಶೆ ಕಂಪನಿ ತನ್ನ ಮೊದಲ 911 ಕಾರುಗಳನ್ನು ಮಾರಿದಾಗ ಅದರ ಎಂಜಿನ್ 130 ಅಶ್ವಶಕ್ತಿಯದು. ನಿಂತಲ್ಲಿಂದ ನೂರು ಮುಟ್ಟಲು ಸುಮಾರು ಒಂಬತ್ತು ಸೆಕೆಂಡು. ಜಗತ್ತಿನ ಹುಡುಗರೆಲ್ಲ ಅದರ ಚಿತ್ರ ಗೋಡೆಗೆ ಅಂಟಿಸಿಕೊಂಡ ಕಾರು ಅದು. 2024ರ ನವೆಂಬರಿನಲ್ಲಿ ನಮ್ಮ ದೇಶದಲ್ಲೇ ಬಿಡುಗಡೆಯಾದ ಮಹೀಂದ್ರಾ ಬಿಇ 6 ಎಂಬ ಎಲೆಕ್ಟ್ರಿಕ್ ಎಸ್‌ಯುವಿಯ ದೊಡ್ಡ ಬ್ಯಾಟರಿಯ ಮಾದರಿ ಏಳು ಸೆಕೆಂಡಿನೊಳಗೇ ನೂರು ಮುಟ್ಟುತ್ತದೆ ಎಂದು ಕಂಪನಿ ಹೇಳುತ್ತದೆ. ಶಕ್ತಿ 286 ಅಶ್ವಶಕ್ತಿ. ಅಂದರೆ ಮಗುವಿನ ಸೀಟು, ತರಕಾರಿ ಚೀಲ ಇಟ್ಟುಕೊಂಡು ಹೋಗುವ ಗಾಡಿ ಆ ಕಾಲದ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕುತ್ತದೆ. ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ತಿ ತಿರುಗುಬಲ ಕೊಡುವುದರಿಂದ ಇದಕ್ಕೆ ಗೇರು ಹಾಕುವ ಕೌಶಲವೂ ಬೇಕಿಲ್ಲ, ಬಲಗಾಲೊಂದು ಸಾಕು. ಹಳೆಯ 911 ಓಡಿಸಲು ಕಲಿಯಬೇಕಿತ್ತು, ತಿರುವಿನಲ್ಲಿ ತಪ್ಪು ಮಾಡಿದರೆ ಅದು ಚಾಲಕನನ್ನು ಕ್ಷಮಿಸುತ್ತಿರಲಿಲ್ಲ ಎಂದು ಹೆಸರು. ಈಗಿನದು ಕ್ಷಮಿಸುತ್ತದೆ. ಆದರೆ ಒಳಗಿದ್ದವರನ್ನು ಮಾತ್ರ.

ಇಷ್ಟು ಓದಿ, ಯುವಜನ ಸಂಘದವರು ಕಾರನ್ನು ದ್ವೇಷಿಸತೊಡಗಿದ್ದಾರೆ ಎಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಅರ್ಧದಷ್ಟು ಜನರ ಫೋನಿನ ಪರದೆಯ ಮೇಲೆ ಈಗಲೂ ಕಾರೇ ಇದೆ. ಚೆನ್ನಾಗಿ ಮಾಡಿದ ಯಂತ್ರದಲ್ಲಿ ಮನುಷ್ಯನ ಬುದ್ಧಿಗೆ ದೇವರು ಕೊಟ್ಟ ಸಂತೋಷ ಇದೆ ಎಂದೇ ನಮ್ಮ ನಂಬಿಕೆ. 1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ಎಂಎಕ್ಸ್-5 ಎಂಬ ಪುಟ್ಟ ತೆರೆದ ಕಾರು ಮಾಡಿತು. ಎರಡೇ ಸೀಟು, 1.6 ಲೀಟರಿನ ಎಂಜಿನ್, 120 ಅಶ್ವಶಕ್ತಿಯ ಆಸುಪಾಸು, ತೂಕ ಒಂದು ಟನ್ನಿಗೂ ಕಡಿಮೆ. ಕುದುರೆ ಮತ್ತು ಸವಾರ ಒಂದಾಗುವಂತೆ ಎಂಬ ಜಪಾನೀ ಮಾತನ್ನು ಅದರ ವಿನ್ಯಾಸಕಾರರು ಮುಂದಿಟ್ಟುಕೊಂಡಿದ್ದರು. ಅದರ ಖುಷಿ ಇರುವುದು ಬಲದಲ್ಲಲ್ಲ, ಹಗುರದಲ್ಲಿ. ಅರವತ್ತರ ವೇಗದಲ್ಲೇ ತಿರುವು ಖುಷಿ ಕೊಡುತ್ತದೆಯಂತೆ. (ನಮ್ಮಲ್ಲಿ ಯಾರೂ ಅದರಲ್ಲಿ ಕುಳಿತಿಲ್ಲ, ಓದಿ ಮೋಹಗೊಂಡವರು.) ಪೋಪ್ ಫ್ರಾನ್ಸಿಸ್ ಅವರಿಗೆ 2017ರ ನವೆಂಬರಿನಲ್ಲಿ ಲ್ಯಾಂಬೊರ್ಗಿನಿ ಕಂಪನಿ ಒಂದು ಬಿಳಿ ಹುರಕಾನ್ ಕೊಟ್ಟಾಗ ಅವರೂ ಅದನ್ನು ಶಪಿಸಲಿಲ್ಲ. ಆಶೀರ್ವದಿಸಿದರು, ಬಾನೆಟ್ಟಿನ ಮೇಲೆ ಸಹಿ ಹಾಕಿದರು, ಹರಾಜಿಗೆ ಕಳಿಸಿದರು. ಮರುವರ್ಷ ಅದು 7 ಲಕ್ಷ ಯೂರೋಗೂ ಹೆಚ್ಚಿಗೆ ಮಾರಾಟವಾಯಿತು. ಇರಾಕಿನ ನಿನೆವೆ ಬಯಲಿನಲ್ಲಿ ಮನೆ ಕಳೆದುಕೊಂಡ ಕ್ರೈಸ್ತರಿಗೆ ಮನೆ ಕಟ್ಟುವುದೂ ಸೇರಿದಂತೆ ಹಲವು ಸೇವೆಗಳಿಗೆಂದು ಆ ಹಣವನ್ನು ಇಡಲಾಗಿತ್ತು. ಅದಕ್ಕೂ ಮೊದಲೇ, 2007ರಲ್ಲಿ, ವ್ಯಾಟಿಕನ್ನಿನ ಒಂದು ಆಯೋಗ ರಸ್ತೆಯ ಕುರಿತ ಮಾರ್ಗಸೂಚಿಯೊಂದನ್ನು ಹೊರಡಿಸಿ ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಕೊಟ್ಟಿದೆ. ಕಾರು ನಿನ್ನ ಅಧಿಕಾರ, ದರ್ಪ ತೋರಿಸುವ ಸಾಧನವಾಗದಿರಲಿ ಎಂಬುದು ಐದನೆಯದರ ಸಾರ. ರಸ್ತೆಯಲ್ಲಿ ಹೆಚ್ಚು ದುರ್ಬಲರಾದವರನ್ನು ಕಾಪಾಡು ಎಂಬುದು ಒಂಬತ್ತನೆಯದರದು. ಆಗ ಪತ್ರಿಕೆಗಳಲ್ಲಿ ಕೆಲವರು ನಕ್ಕಿದ್ದರಂತೆ, ವ್ಯಾಟಿಕನ್ನಿಗೆ ಟ್ರಾಫಿಕ್ ಪೊಲೀಸರ ಕೆಲಸ ಏಕೆ ಎಂದು.

ದುರ್ಬಲರು ಯಾರು ಎಂಬುದನ್ನು ಅಂಕಿಗಳೇ ಹೇಳುತ್ತವೆ. ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದವರು, 32,825 ಜನ ನಡೆದು ಹೋಗುತ್ತಿದ್ದವರು. ಕಾರಿನೊಳಗಿದ್ದವರು ಸುಮಾರು ಎಂಟರಲ್ಲಿ ಒಬ್ಬರು. ಈಗ ಷೋರೂಮಿಗೆ ಹೋಗಿ ನೋಡಿ. ಸುರಕ್ಷತೆ ಎಂಬ ಮಾತು ಅಲ್ಲಿ ಎಲ್ಲಾ ಕಡೆ ಇದೆ, ಮತ್ತು ಅದು ಆ ಎಂಟನೆಯ ಒಬ್ಬರ ಬಗ್ಗೆ.

ಆ ಒಬ್ಬರನ್ನು ಕಾಪಾಡಿದ ಕಥೆ ನಿಜಕ್ಕೂ ದೊಡ್ಡದು, ಅದನ್ನು ಹಗುರ ಮಾಡಲಾರೆವು. 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಬಂತು. ಕಂಪನಿ ಆ ಪೇಟೆಂಟನ್ನು ತನಗೇ ಇಟ್ಟುಕೊಳ್ಳದೆ ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು. ಅದೇ ವರ್ಷ ಮರ್ಸಿಡಿಸ್, ಬೇಲಾ ಬರೇನಿಯವರ ಆಲೋಚನೆಯಂತೆ, ಡಿಕ್ಕಿಯಾದಾಗ ಮುಂಭಾಗ ತಾನು ಮುದುಡಿ ಒಳಗಿನವರನ್ನು ಉಳಿಸುವ ಕಾರನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಇದು ತಡವಾಗಿ ಬಂತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದಾಗ, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಐದು ವರ್ಷಗಳೊಳಗೇ, 2018ರ ಡಿಸೆಂಬರಿನಲ್ಲಿ, ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದರ ನಕ್ಷತ್ರಗಳು ಕಾರಿನೊಳಗಿನ ವಯಸ್ಕರ ಅಂಕ ಮತ್ತು ಕಾರಿನೊಳಗಿನ ಮಕ್ಕಳ ಅಂಕ, ಈ ಎರಡರ ಮೇಲೆ ನಿಂತಿವೆ. ಪಾದಚಾರಿಗಳ ರಕ್ಷಣೆಗೂ ನಮ್ಮಲ್ಲಿ ನಿಯಮಗಳಿವೆ. ಆದರೆ ಜಾಹೀರಾತಿನಲ್ಲಿ ಹೊಳೆಯುವ ನಕ್ಷತ್ರಗಳನ್ನು ಎಣಿಸುವಾಗ ನಮ್ಮ ತಾತ ಆ ಎಣಿಕೆಯಲ್ಲಿಲ್ಲ. ಯುರೋಪಿನ ಪರೀಕ್ಷೆಯಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಪ್ರತ್ಯೇಕ ಅಂಕವಿದೆ. ಅದಕ್ಕಾಗಿ ಬಾನೆಟ್ಟಿನ ಕೆಳಗೆ ಜಾಗ ಬಿಡುತ್ತಾರೆ, ತಲೆ ಬಡಿದರೆ ತಗಡು ಬಾಗಲಿ ಎಂದು. 2012ರಲ್ಲಿ ವೋಲ್ವೊ, ಪಾದಚಾರಿಗೆಂದೇ ಗಾಜಿನ ಬುಡದಲ್ಲಿ ಉಬ್ಬುವ ಏರ್‌ಬ್ಯಾಗ್ ಇಟ್ಟ ಕಾರನ್ನೂ ತಂದಿತ್ತು.

ಆದರೆ ಫ್ಯಾಷನ್ ಬೇರೆ ಕಡೆ ನಡೆದಿದೆ. ಎಲ್ಲರಿಗೂ ಎತ್ತರದ, ಚೌಕ ಮುಖದ ಗಾಡಿ ಬೇಕು. ಅಮೆರಿಕದಲ್ಲಿ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾನೆಟ್ 40 ಅಂಗುಲಕ್ಕಿಂತ ಎತ್ತರವಿರುವ ಗಾಡಿ ಬಡಿದಾಗ ಪಾದಚಾರಿ ಸಾಯುವ ಸಂಭವ, 30 ಅಂಗುಲದೊಳಗಿನ ಇಳಿಜಾರು ಬಾನೆಟ್ಟಿನ ಗಾಡಿಗಿಂತ ಸುಮಾರು ಶೇಕಡಾ 45ರಷ್ಟು ಹೆಚ್ಚು. ತಗ್ಗು ಕಾರು ಕಾಲಿಗೆ ಬಡಿದರೆ, ಎತ್ತರದ್ದು ಎದೆಗೆ ಬಡಿಯುತ್ತದೆ. ಮಕ್ಕಳಾದರೆ ತಲೆಗೆ. ಇದರ ಮೇಲೆ ನಮ್ಮ ಕಡೆಯವರು ಸ್ಟೀಲಿನ ಬುಲ್ ಬಾರ್ ಬೇರೆ ಹಾಕಿಸುತ್ತಾರೆ. 2017ರಲ್ಲೇ ಕೇಂದ್ರ ಸರ್ಕಾರ ಅದನ್ನು ಬೇಡವೆಂದಿದೆ. ನಮ್ಮ ಬಂಪರಿಗೆ ಗೀರು ಬೀಳದಿರಲಿ ಎಂದು ಎದುರಿನವರ ಮೂಳೆಗೆ ಕಬ್ಬಿಣ ಒಡ್ಡುವುದು ಅದು. ಅಂಥ ಗಾಡಿಗೂ ನಾವು ಹಾರ ಹಾಕಿ ಆಶೀರ್ವಾದ ಮಾಡಿಸಿದ್ದೇವೆ. ಹೆಸರು ಹೇಳುವುದಿಲ್ಲ, ಓದುತ್ತಿರುವವರಿಗೆ ಗೊತ್ತಾಗುತ್ತದೆ.

ಕಷ್ಟದ ಪ್ರಶ್ನೆಯನ್ನು ಎತ್ತಿದವರು ಗಾಡಿ ತಂದ ತಮ್ಮನ ಅಪ್ಪ. ಮಗನ ಮೇಲೆ ನಾವು ಮಾತು ಹರಿಸಿದ್ದು ಕೇಳಿ ಸಭೆಗೇ ಬಂದರು. "ನನ್ನ ಮೊಮ್ಮಕ್ಕಳು ಕೂರೋ ಗಾಡಿ ಅದು. ರಸ್ತೆ ತುಂಬ ಲಾರಿ. ಎರಡು ಟನ್ನಿನ ಗಟ್ಟಿ ಗಾಡಿ ತಂದದ್ದು ತಪ್ಪಾ?" ಎಂದರು. ಅವರಿಗೆ ಉತ್ತರ ಕೊಡುವುದು ಸುಲಭವಿರಲಿಲ್ಲ. ತನ್ನವರನ್ನು ಕಾಪಾಡುವುದು ಪ್ರೀತಿ, ಅದನ್ನು ಸ್ವಾರ್ಥ ಎನ್ನಲಾಗದು. ಆದರೆ ಭೌತಶಾಸ್ತ್ರ ನಿಷ್ಠುರ. ಎರಡು ಗಾಡಿ ಡಿಕ್ಕಿಯಾದಾಗ ಭಾರದ್ದು ಕಡಿಮೆ ಪೆಟ್ಟು ತಿನ್ನುತ್ತದೆ, ಹಗುರದ್ದು ಆ ಹೆಚ್ಚಿನ ಪೆಟ್ಟನ್ನು ತಿನ್ನುತ್ತದೆ. ಅರವತ್ತರಲ್ಲಿ ಹೋಗುವ ಹಳೆಯ ಮಾರುತಿ 800ಕ್ಕಿಂತ 120ರಲ್ಲಿ ಹೋಗುವ ಎರಡು ಟನ್ನಿನ ಗಾಡಿಯಲ್ಲಿ ಹನ್ನೆರಡು ಪಟ್ಟು ಹೆಚ್ಚು ಚಲನಶಕ್ತಿ ಇದೆ. ನಮ್ಮ ಮಗುವಿಗಾಗಿ ಕೊಂಡ ಭಾರ ಇನ್ನೊಬ್ಬರ ಮಗುವಿನ ಮೇಲೆ ಹೋಗಿ ಕೂರುತ್ತದೆ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ಮುಟ್ಟಲಿಲ್ಲ, ಬದಿಯಿಂದ ಹಾದುಹೋದರು. ಅವರಿಗೂ ಮನೆಯಲ್ಲಿ ಮಕ್ಕಳಿದ್ದಿರಬಹುದು, ಕಳ್ಳರ ಭಯ ನ್ಯಾಯವಾದದ್ದೇ ಇದ್ದಿರಬಹುದು.

ಬಹಳ ಹೊತ್ತು ಮಾತಾಡಿ ನಾವು ಬಂದ ಅಭಿಪ್ರಾಯ ಇದು. ಎಲ್ಲರೂ ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಗಟ್ಟಿ ಗಾಡಿ ಕೊಳ್ಳುವುದು ತಪ್ಪಲ್ಲ. ಆದರೆ ಆ ಗಟ್ಟಿತನ ಹೊರಗಿನವರ ಮೇಲೆ ನಾವು ಹೊರಿಸಿದ ಸಾಲ, ಮತ್ತು ಆ ಸಾಲವನ್ನು ತೀರಿಸಲು ನಮ್ಮ ಕೈಯಲ್ಲಿರುವ ನಾಣ್ಯ ಒಂದೇ, ನಿಧಾನ. ಕಂಪನಿ ಏಳು ಸೆಕೆಂಡು ಕೊಟ್ಟಿದೆ ಎಂದ ಮಾತ್ರಕ್ಕೆ ಅದು ನಮ್ಮದಲ್ಲ, ಏಕೆಂದರೆ ಅದನ್ನು ಕೊಳ್ಳುವಾಗ ತಾತನನ್ನು ಯಾರೂ ಕೇಳಲಿಲ್ಲ. ಅಪ್ಪನವರು ಇದನ್ನು ಕೇಳಿ, "ಲೋನು ಒಂದೇ ಅಂದ್ಕೊಂಡಿದ್ದೆ, ಎರಡು ಅಂತೀರಿ" ಎಂದು ನಕ್ಕರು. ಆಮೇಲೆ ಬುಲ್ ಬಾರ್ ಹಾಕಿಸಲು ಕೊಟ್ಟಿದ್ದ ಅಡ್ವಾನ್ಸ್ ವಾಪಸು ತಂದರು ಎಂದು ಕೇಳಿದ್ದೇವೆ.

ಪಾಸ್ಖದ ನಂತರದ ಒಂದು ಭಾನುವಾರ ನಾವು ಐವರೂ ಬಸ್ಸಿನಲ್ಲಿ ಆ ಜಾಗಕ್ಕೆ ಹೋದೆವು. ಬೆಂಗಳೂರಿನವರಲ್ಲ, ಇಲ್ಲಿಯವರೇ ಎಂದು ತಾತನಿಗೆ ಹೇಳಬೇಕಿತ್ತು. ಟೀ ಅಂಗಡಿಯವರನ್ನು ಕೇಳಿದರೆ, "ಹಾಲಿನ ಕ್ಯಾನಿನ ತಾತನಾ? ಯಾರು ಅಂತ ಹೇಳ್ಲಿ, ಬೆಳಗ್ಗೆ ಸಾಯಂಕಾಲ ಇಲ್ಲಿ ದಾಟೋರೆಲ್ಲ ಅವ್ರೇ" ಎಂದರು. ಕಾಯೋಣ ಎಂದು ಡಿವೈಡರಿನ ಸಂದಿನ ಹತ್ತಿರ ನಿಂತೆವು. ಕಾರುಗಳು ಬರುತ್ತಿದ್ದವು. ಯಾವ ಕಾರು, ಯಾವ ಮಾದರಿ ಎಂದು ದೂರದಿಂದಲೇ ಹೇಳುವುದು ನಮ್ಮ ಹಳೆಯ ಆಟ. ಅಲ್ಲಿ ನಿಂತಾಗ ಒಂದರ ಹೆಸರೂ ಓದಲಾಗಲಿಲ್ಲ, ಹೆಡ್‌ಲೈಟು ಕಾಣುವಷ್ಟರಲ್ಲಿ ಗಾಳಿ ಅಂಗಿಯನ್ನು ಎಳೆದು ಹೋಗುತ್ತಿತ್ತು. ತಾತ ಬರಲಿಲ್ಲ. ವಾಪಸು ಬಸ್ಸಿಗೆ ಆಚೆ ಬದಿಗೆ ಹೋಗಬೇಕಿತ್ತು. ಐದು ಜನ ಕೈ ಕೈ ಹಿಡಿದುಕೊಂಡೆವು, ಎರಡು ಸಲ ಕಾಲಿಟ್ಟು ಹಿಂದೆ ಬಂದೆವು. ದಾಟಲು ನಾಲ್ಕು ನಿಮಿಷ ಹಿಡಿಯಿತು.